ಒಕ್ಕಣೆ : ಪತ್ರದ ತಲೆಸಾಲಿನ ಚರಿತ್ರೆ

ಪತ್ರದ ಆರಂಭದಲ್ಲಿ ಬರುವ ಗೌರವವಾಚಕಗಳಿಗೂ ಅದರ ಮಾತಿನ ಧಾಟಿಗೂ ನಮ್ಮ ಹಿರಿಯರು 'ಒಕ್ಕಣೆ' ಎಂಬ ಹೆಸರನ್ನಿಟ್ಟಿದ್ದರು. ಒಕ್ಕಣೆ ತಪ್ಪಿದರೆ ಪತ್ರವೇ ತಪ್ಪಿದಂತೆ ಎಂಬುದು ಅವರ ಭಾವನೆಯಾಗಿತ್ತು. ಇಂದಿನ ಶಾಲೆಗಳಲ್ಲಿ ಪತ್ರಲೇಖನವೆಂಬುದು ವ್ಯಾಕರಣದ ಕೊನೆಯ ಪಾಠ. ಪರೀಕ್ಷೆಯಲ್ಲಿ ಐದು ಅಂಕಗಳ ಪ್ರಶ್ನೆ. 'ಇಂದ', 'ಗೆ', 'ಮಾನ್ಯರೇ', 'ವಿಷಯ', 'ತಮ್ಮ ವಿಶ್ವಾಸಿ' ಎಂಬ ಐದು ಗೂಟಗಳನ್ನು ನೆಟ್ಟು ನಡುವೆ ನಾಲ್ಕು ವಾಕ್ಯಗಳನ್ನು ಕಟ್ಟಿದರೆ ವಿದ್ಯಾರ್ಥಿಯ ಕೆಲಸ ಮುಗಿಯಿತು. ಆದರೆ ಈ ಗೂಟಗಳು ಎಲ್ಲಿಂದ ಬಂದವು, ಇವುಗಳಿಗಿಂತ ಹಿಂದೆ ಅಲ್ಲಿ ಏನಿತ್ತು, ಯಾರಿಗೆ ಯಾವ ಪದವನ್ನು ಬಳಸಬೇಕೆಂದು ನಿರ್ಣಯಿಸಿದವರು ಯಾರು ಎಂಬ ವಿಚಾರ ನಮ್ಮ ತರಗತಿಗಳಲ್ಲಿ ಬರುವುದು ವಿರಳ. ಗಡಿನಾಡಿನಲ್ಲಿ ಕನ್ನಡವನ್ನು ಕಲಿಯುವ ಮತ್ತು ಕಲಿಸುವ ನಮಗೆ ಈ ವಿಚಾರ ಕೇವಲ ಕುತೂಹಲದ್ದಲ್ಲ. ಆದ್ದರಿಂದ ಇದನ್ನು ತುಸು ವಿಸ್ತಾರವಾಗಿ ಪರಿಶೀಲಿಸುವುದು ಉಚಿತವೆಂದು ಭಾವಿಸಿದ್ದೇವೆ.

ಭಾರತದಲ್ಲಿ ಪತ್ರಲೇಖನವನ್ನು ಶಾಸ್ತ್ರವಾಗಿ ವಿವೇಚಿಸಿದ ಪ್ರಾಚೀನ ಗ್ರಂಥಗಳಲ್ಲಿ ಕೌಟಿಲ್ಯನ ಅರ್ಥಶಾಸ್ತ್ರ ಮುಖ್ಯವಾದುದು. ಈ ಗ್ರಂಥವನ್ನು ಲೋಕಕ್ಕೆ ಪರಿಚಯಿಸಿದ ಕೀರ್ತಿ ಕನ್ನಡನಾಡಿನದೇ ಆಗಿದೆ. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿದ್ದ ಪಂಡಿತ ಆರ್. ಶಾಮಶಾಸ್ತ್ರಿಗಳು ತಾಳೆಯೋಲೆಯ ಪ್ರತಿಯಿಂದ ಅದನ್ನು ೧೯೦೯ರಲ್ಲಿ ಪ್ರಕಟಿಸಿದರು. ಅದರ ಎರಡನೆಯ ಅಧಿಕರಣದಲ್ಲಿ ರಾಜಶಾಸನಗಳನ್ನು ಬರೆಯುವ ವಿಧಾನಕ್ಕೇ ಮೀಸಲಾದ ಒಂದು ಅಧ್ಯಾಯವಿದೆ. ಪತ್ರವನ್ನು ಪಡೆಯುವವನು ಪ್ರಭುವಾಗಿದ್ದರೆ ಅವನ ದೇಶ, ಐಶ್ವರ್ಯ, ವಂಶ, ನಾಮಗಳನ್ನು ಗೌರವದಿಂದ ಹೇಳಬೇಕು; ಪ್ರಭುವಲ್ಲದಿದ್ದರೆ ದೇಶವನ್ನೂ ಹೆಸರನ್ನೂ ಹೇಳಿದರೆ ಸಾಕು ಎಂದು ಕೌಟಿಲ್ಯನು ವಿಧಿಸುತ್ತಾನೆ. ಜಾತಿ, ಕುಲ, ಸ್ಥಾನ, ವಯಸ್ಸು, ವಿದ್ಯೆ, ವೃತ್ತಿ, ಸಂಪತ್ತು, ಶೀಲ ಮುಂತಾದವನ್ನೆಲ್ಲ ಆಲೋಚಿಸಿ ಆಯಾ ವ್ಯಕ್ತಿಗೆ ಅನುರೂಪವಾಗಿ ಬರೆಯಬೇಕೆನ್ನುತ್ತಾನೆ. ಬರವಣಿಗೆಗೆ ಅರ್ಥಕ್ರಮ, ಸಂಬಂಧ, ಪರಿಪೂರ್ಣತೆ, ಮಾಧುರ್ಯ, ಔದಾರ್ಯ, ಸ್ಪಷ್ಟತೆ ಎಂಬ ಆರು ಗುಣಗಳನ್ನು ಹೇಳಿ, ಪುನರುಕ್ತಿ, ಅಪಶಬ್ದಗಳೇ ಮುಂತಾದ ಐದು ದೋಷಗಳನ್ನೂ ಎಣಿಸುತ್ತಾನೆ. ಇಂದಿನ ಉಪಾಧ್ಯಾಯರು ಈ ಆರು ಗುಣಗಳನ್ನು ಕರಿಹಲಗೆಯ ಮೇಲೆ ಬರೆದಿಟ್ಟರೆ ಪತ್ರಲೇಖನದ ಪಾಠಕ್ಕೆ ಬೇರೆ ಪೀಠಿಕೆ ಬೇಕಾಗದು.

ವರರುಚಿಯ ಹೆಸರಿನಲ್ಲಿ ಪ್ರಚಲಿತವಾಗಿರುವ 'ಪತ್ರಕೌಮುದಿ' ಎಂಬ ಸಂಸ್ಕೃತ ಕೃತಿ 'ಶ್ರೀ'ಕಾರಗಳ ಲೆಕ್ಕವನ್ನೇ ಕೊಡುತ್ತದೆ. ಗುರುವಿಗೆ ಆರು ಶ್ರೀ, ಒಡೆಯನಿಗೆ ಐದು, ಶತ್ರುವಿಗೆ ನಾಲ್ಕು, ಮಿತ್ರನಿಗೆ ಮೂರು, ಸೇವಕನಿಗೆ ಎರಡು, ಮಗನಿಗೂ ಹೆಂಡತಿಗೂ ಒಂದೊಂದು. ಮಿತ್ರನಿಗಿಂತ ಶತ್ರುವಿಗೆ ಒಂದು ಶ್ರೀ ಹೆಚ್ಚೆಂಬುದನ್ನು ಕಂಡು ವಿದ್ಯಾರ್ಥಿಗಳು ನಗಬಹುದು. ಆದರೆ ಅದರಲ್ಲಿ ಲೋಕಾನುಭವವಿದೆ. ಸ್ನೇಹವಿರುವಲ್ಲಿ ಉಪಚಾರ ಕಡಮೆಯಾದರೂ ನಡೆಯುತ್ತದೆ. ವೈರವಿರುವಲ್ಲಿ ಒಂದು ಅಕ್ಷರ ಕಡಮೆಯಾದರೂ ಯುದ್ಧಕ್ಕೆ ಕಾರಣವಾದೀತು. ಮಠಾಧಿಪತಿಗಳ ಹೆಸರಿನ ಮುಂದೆ 'ಶ್ರೀ ಶ್ರೀ' ಎಂದೂ 'ಶ್ರೀ ೧೦೮' ಎಂದೂ ಬರೆಯುವ ರೂಢಿಯನ್ನು ನೋಡುವಾಗ ಈ ಲೆಕ್ಕಾಚಾರ ನೆನಪಿಗೆ ಬಾರದಿರದು.

ಇನ್ನು ಕನ್ನಡದ ಶಾಸನಗಳ ಕಡೆಗೆ ತಿರುಗೋಣ. ಶಾಸನವೆಂಬುದೂ ಒಂದು ವಿಧದ ಬಹಿರಂಗ ಪತ್ರವೇ. 'ಸ್ವಸ್ತಿ' ಎಂಬ ಮಂಗಳವಚನದಿಂದ ಮೊದಲಾಗಿ ಅರಸನ ಬಿರುದಾವಳಿ ಹರಿಯುತ್ತದೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿಗಳಿಗೆ ಸಮಸ್ತಭುವನಾಶ್ರಯ, ಶ್ರೀಪೃಥ್ವೀವಲ್ಲಭ, ಮಹಾರಾಜಾಧಿರಾಜ, ಪರಮೇಶ್ವರ, ಪರಮಭಟ್ಟಾರಕ ಎಂಬ ಬಿರುದುಗಳು. ಅವರ ಅಧೀನರಾದ ಮಾಂಡಲಿಕರಿಗೆ 'ಸಮಧಿಗತಪಂಚಮಹಾಶಬ್ದ ಮಹಾಮಂಡಳೇಶ್ವರ' ಎಂಬ ಬಿರುದು. ಐದು ಬಗೆಯ ವಾದ್ಯಗಳನ್ನು ನುಡಿಸಿಕೊಳ್ಳುವ ಮರ್ಯಾದೆಯನ್ನು ಪಡೆದವರೆಂದು ಇದರ ತಾತ್ಪರ್ಯ. ಅದರ ಜೊತೆಗೆ ತಮ್ಮ ವಂಶದ ಮೂಲಸ್ಥಾನವನ್ನು ಸಾರುವ ಬಿರುದೂ ಬರುತ್ತದೆ. ಸವದತ್ತಿಯ ರಟ್ಟರು ತಮ್ಮನ್ನು 'ಲತ್ತಲೂರು ಪುರವರಾಧೀಶ್ವರ'ರೆಂದು ಕರೆದುಕೊಂಡರು. ಆ ಲತ್ತಲೂರೇ ಇಂದಿನ ಮಹಾರಾಷ್ಟ್ರದ ಲಾತೂರು. ಊರು ಕೈಬಿಟ್ಟುಹೋದ ಮೇಲೂ ಒಕ್ಕಣೆಯಲ್ಲಿ ಉಳಿದುಕೊಂಡಿತೆಂಬುದನ್ನು ಗಡಿನಾಡಿನ ಕನ್ನಡಿಗರು ವಿಶೇಷವಾಗಿ ಗಮನಿಸಬೇಕು.

ಬಿರುದುಗಳು ಬರಿಯ ಅಲಂಕಾರಗಳಲ್ಲ, ರಾಜಕೀಯದ ಅಳತೆಗೋಲುಗಳೂ ಹೌದು ಎಂಬುದಕ್ಕೆ ವಿಜಯನಗರದ ಉದಾಹರಣೆ ಸಾಕು. ಮೊದಲನೆಯ ಹರಿಹರನೂ ಬುಕ್ಕನೂ ವಿಶಾಲವಾದ ನಾಡನ್ನು ಆಳುತ್ತಿದ್ದರೂ ಅವರ ಶಾಸನಗಳಲ್ಲಿ ಸಾಮಾನ್ಯವಾಗಿ ಕಾಣುವುದು 'ಮಹಾಮಂಡಲೇಶ್ವರ' ಎಂಬ ಮಾಂಡಲಿಕ ಬಿರುದೇ. ೧೩೭೭ರಲ್ಲಿ ಪಟ್ಟಕ್ಕೆ ಬಂದ ಎರಡನೆಯ ಹರಿಹರನ ಕಾಲಕ್ಕೆ 'ಮಹಾರಾಜಾಧಿರಾಜ ರಾಜಪರಮೇಶ್ವರ' ಎಂಬ ಚಕ್ರವರ್ತಿಯ ಬಿರುದು ನೆಲೆಗೊಂಡಿತು. ರಾಜ್ಯವು ಎಂದು ತನ್ನನ್ನು ಸಾಮ್ರಾಜ್ಯವೆಂದು ಭಾವಿಸಿತೆಂಬುದನ್ನು ಇತಿಹಾಸಕಾರನು ಯುದ್ಧಗಳ ಪಟ್ಟಿಯಿಂದ ಮಾತ್ರವಲ್ಲ, ತಲೆಸಾಲಿನಿಂದಲೂ ತಿಳಿಯುತ್ತಾನೆ.

ಆ ಕಾಲದಲ್ಲಿ ಆಸ್ಥಾನದ ಪತ್ರಕ್ಕೆ 'ರಾಯಸ'ವೆಂದೂ, ಮೇಲಿನವರ ಆಜ್ಞೆಗೆ 'ನಿರೂಪ'ವೆಂದೂ, ಕೆಳಗಿನವರು ಮೇಲಿನವರಿಗೆ ಸಲ್ಲಿಸುವ ಮಾತಿಗೆ 'ಬಿನ್ನಹ'ವೆಂದೂ ಹೆಸರಿದ್ದಿತು. ಪತ್ರವು ಮೇಲಿನಿಂದ ಕೆಳಗಿಳಿಯುವುದೋ ಕೆಳಗಿನಿಂದ ಮೇಲೇರುವುದೋ ಎಂಬುದು ಅದರ ಹೆಸರಿನಿಂದಲೇ ತಿಳಿಯುತ್ತಿತ್ತು. ಬಿನ್ನಹವೆಂಬುದು ಸಂಸ್ಕೃತದ ವಿಜ್ಞಾಪನೆಯ ತದ್ಭವ. 'ಬಿನ್ನವತ್ತಳೆ' ಎಂಬ ಮಾತು ಸಮ್ಮಾನಪತ್ರವೆಂಬ ಅರ್ಥದಲ್ಲಿ ನಮ್ಮ ಸಭೆಗಳಲ್ಲಿ ಈಗಲೂ ಉಳಿದಿದೆ.

ಒಕ್ಕಣೆಯು ಎರಡು ಧರ್ಮಗಳ ನಡುವೆ ಸೇತುವೆಯಾದ ಪ್ರಸಂಗವೂ ಕನ್ನಡದಲ್ಲಿದೆ. ೧೭೯೧ರಲ್ಲಿ ಪರಶುರಾಮ ಭಾವೂವಿನ ಮರಾಠಾ ಸೈನ್ಯದೊಂದಿಗೆ ಬಂದ ದಂಡಾಳುಗಳು ಶೃಂಗೇರಿಯನ್ನು ಸುಲಿಗೆ ಮಾಡಿದರು. ಆಗ ಟಿಪ್ಪು ಸುಲ್ತಾನನು ಶೃಂಗೇರಿಯ ಶ್ರೀ ಸಚ್ಚಿದಾನಂದ ಭಾರತೀ ಸ್ವಾಮಿಗಳಿಗೆ ನೆರವನ್ನು ಕಳುಹಿಸಿ ಪತ್ರವ್ಯವಹಾರ ನಡೆಸಿದನು. ೧೯೧೬ರಲ್ಲಿ ಮೈಸೂರು ಪ್ರಾಕ್ತನ ಇಲಾಖೆಯ ಮುಖ್ಯಾಧಿಕಾರಿಗಳಾಗಿದ್ದ ಆರ್. ನರಸಿಂಹಾಚಾರ್ಯರು ಬೆಳಕಿಗೆ ತಂದ ಈ ಪತ್ರಗಳು ಕನ್ನಡದಲ್ಲಿವೆ. ಅವುಗಳಲ್ಲಿ ಸುಲ್ತಾನನು ಸ್ವಾಮಿಗಳನ್ನು 'ಜಗದ್ಗುರು'ಗಳೆಂದು ಸಂಬೋಧಿಸಿದ್ದಾನೆ. ಪಾರಸಿಯನ್ನು ರಾಜಭಾಷೆಯಾಗಿ ಬಳಸುತ್ತಿದ್ದ ಒಬ್ಬ ಅರಸನು ಮಠಕ್ಕೆ ಬರೆಯುವಾಗ ಮಠದ ಭಾಷೆಯನ್ನೂ ಮಠದ ಮರ್ಯಾದೆಯ ಪದವನ್ನೂ ಆರಿಸಿಕೊಂಡನೆಂಬುದು ಇಲ್ಲಿಯ ಮುಖ್ಯಾಂಶ. ಎದುರಿನವರ ಗೌರವವನ್ನು ಅವರ ಮಾತಿನಲ್ಲಿಯೇ ಒಪ್ಪಿಸುವುದು ಒಳ್ಳೆಯ ಒಕ್ಕಣೆಯ ಮೊದಲ ಲಕ್ಷಣ.

ಪಾರಸಿ ಮತ್ತು ಮರಾಠಿಗಳ ಸಂಪರ್ಕದಿಂದ ನಮ್ಮ ಪತ್ರಗಳ ವೇಷ ಬಹುಮಟ್ಟಿಗೆ ಬದಲಾಯಿತು. ಕಾಗದ, ಅರ್ಜಿ, ಹುಜೂರು, ಸಾಹೇಬ, ಸರಕಾರ ಮೊದಲಾದ ಶಬ್ದಗಳು ಈ ದಾರಿಯಿಂದ ಬಂದವು. ಮರಾಠಿಯ ನೆರಳಿನಲ್ಲಿ ಬೆಳೆದ ಸೊಲ್ಲಾಪುರ, ಅಕ್ಕಲಕೋಟೆ, ಜತ್ತಗಳ ಕನ್ನಡ ಪತ್ರಗಳಲ್ಲಿ 'ರಾಜಮಾನ್ಯ ರಾಜಶ್ರೀ' ಎಂಬ ಒಕ್ಕಣೆ 'ರಾ|| ರಾ||' ಎಂದು ಸಂಕ್ಷೇಪಗೊಂಡಿತು. 'ಮೆಹರಬಾನ್' ಎಂಬ ಪಾರಸಿ ಪದದ ಮೊದಲ ಅಕ್ಷರ ನ್ಯಾಯಾಲಯದ ಹೆಸರಿನ ಹಿಂದೆ 'ಮೇ||' ಎಂದು ನಿಂತಿತು. ಸ್ವಂತ ತಂದೆಗೆ 'ತೀರ್ಥರೂಪ', ತಂದೆಗೆ ಸಮಾನರಾದ ಹಿರಿಯರಿಗೆ 'ತೀರ್ಥಸ್ವರೂಪ' ಎಂಬ ಸೂಕ್ಷ್ಮವಾದ ಭೇದವನ್ನೂ ಆ ಪದ್ಧತಿ ಕಲಿಸಿತು. ಮದರಾಸು ಆಧಿಪತ್ಯಕ್ಕೆ ಸೇರಿದ್ದ ಕಾಸರಗೋಡು, ಆದವಾನಿ, ಹೊಸೂರುಗಳ ಕಡೆಯಲ್ಲಾದರೋ 'ಮಹಾರಾಜರಾಜಶ್ರೀ' ಎಂಬ ಒಕ್ಕಣೆ 'ಮ|| ರಾ|| ರಾ||' ಎಂದಾಯಿತು. ಇಂಗ್ಲಿಷ್ ದಫ್ತರಗಳಲ್ಲಿಯೂ ಇದರ ಸಂಕ್ಷೇಪವೇ ದೇಶೀಯ ಗೃಹಸ್ಥರ ಹೆಸರಿನ ಹಿಂದೆಯೂ, ತಮಿಳಿನ 'ಅವರ್ಗಳ್' ಎಂಬ ಗೌರವಪದ ಮುಂದೆಯೂ ಅಚ್ಚಾಗುತ್ತಿದ್ದವು. ನಿಜಾಮನ ಸೀಮೆಯ ಕನ್ನಡಿಗರು ಜನಾಬ್ ಎಂಬ ಸಂಬೋಧನೆಯನ್ನೂ, ಜಂಗ್, ದೌಲಾ, ಮುಲ್ಕ್, ಜಾಹ್ ಎಂಬ ಪದವಿಗಳ ಏಣಿಯನ್ನೂ ಕಲಿಯಬೇಕಾಯಿತು. ಒಂದೇ ಭಾಷೆಯನ್ನಾಡುವ ಜನ ಯಾವ ಸರಕಾರದ ಕೆಳಗೆ ಇದ್ದರೆಂಬುದನ್ನು ಅವರ ಹಳೆಯ ಲಕೋಟೆಯ ಮೇಲಿನ ಎರಡು ಅಕ್ಷರಗಳು ಹೇಳಿಬಿಡುತ್ತವೆ.

ಈ ಒಕ್ಕಣೆಗಳ ಸೊಬಗನ್ನು ಮಾತ್ರ ಹೇಳಿ ನಿಲ್ಲಿಸಿದರೆ ಅದು ಅರ್ಧ ಇತಿಹಾಸವಾದೀತು. ವೇದಮೂರ್ತಿ, ಬ್ರಹ್ಮಶ್ರೀ, ಷಟ್‌ಸ್ಥಲಬ್ರಹ್ಮಿ, ರಾಜಮಾನ್ಯ ಎಂಬ ಮರ್ಯಾದೆಗಳೆಲ್ಲ ಸಮಾಜದ ಮೇಲಿನ ಮೆಟ್ಟಿಲುಗಳಲ್ಲಿದ್ದವರಿಗೆ ಸಲ್ಲುತ್ತಿದ್ದವು. ಕೆಳಗಿನ ಮೆಟ್ಟಿಲಿನವನ ಹೆಸರು ಬರಿಯ ಹೆಸರಾಗಿಯೇ, ಅದೂ ಏಕವಚನದಲ್ಲಿ, ದಫ್ತರಗಳಲ್ಲಿ ನಿಂತಿತು. ಮಹಾರಾಷ್ಟ್ರದಲ್ಲಿ ನಮಸ್ಕಾರ, ದಂಡವತ, ರಾಮರಾಮ, ಜೋಹಾರ ಎಂಬ ವಂದನೆಗಳೇ ಜಾತಿಯ ಗುರುತುಗಳಾಗಿದ್ದವು. ಅಕ್ಕಸಾಲಿಗರು 'ನಮಸ್ಕಾರ' ಎಂಬ ಪದವನ್ನು ಬಳಸಬಾರದೆಂದು ಪೇಶ್ವೆಯ ಕಡೆಯಿಂದ ಆಕ್ಷೇಪಣೆ ಬಂದುದರಿಂದ, ೧೭೭೯ರಲ್ಲಿ ಮುಂಬಯಿಯ ಕಂಪೆನಿ ಸರಕಾರವು ಅದನ್ನು ನಿಷೇಧಿಸಿ ಆ ಜಾತಿಯ ಮುಖಂಡನಿಗೆ ಆಜ್ಞೆಯನ್ನು ಕಳುಹಿಸಿತು. ಒಂದು ವಂದನೆಯ ಪದಕ್ಕಾಗಿ ಎರಡು ಸರಕಾರಗಳು ಕಾಗದ ಓಡಿಸಿದವೆಂದರೆ ಆ ಪದದ ಬೆಲೆಯೇನೆಂದು ಊಹಿಸಬಹುದು. ಹನ್ನೆರಡನೆಯ ಶತಮಾನದಲ್ಲಿಯೇ ಬಸವಣ್ಣನವರು ಮನುಷ್ಯರನ್ನು ಕರೆಯುವ ರೀತಿಯಲ್ಲಿಯೇ ಸ್ವರ್ಗನರಕಗಳಿವೆಯೆಂದು ಉಪದೇಶಿಸಿದ್ದನ್ನು ನಮ್ಮ ವಿದ್ಯಾರ್ಥಿಗಳೆಲ್ಲ ಬಲ್ಲರು. ಅಣ್ಣ, ಅಕ್ಕ, ಅಯ್ಯ ಎಂಬ ಮನೆಯ ಮಾತುಗಳನ್ನು ಶರಣರು ಗೌರವದ ಪದಗಳನ್ನಾಗಿ ಮಾಡಿದ್ದೂ ಇದೇ ಕಾರಣದಿಂದಲೇ ಇರಬೇಕು.

ಸ್ತ್ರೀಯರ ವಿಷಯದಲ್ಲಿಯೂ ಒಕ್ಕಣೆಯು ನಿಷ್ಕರುಣೆಯಿಂದ ನಡೆದುಕೊಂಡಿತು. ಪುರುಷನು ಮದುವೆಯಾಗಲಿ ಬಿಡಲಿ, ಪತ್ನಿಯನ್ನು ಕಳೆದುಕೊಳ್ಳಲಿ, ಅವನ ಒಕ್ಕಣೆ ಬದಲಾಗಲಿಲ್ಲ. ಸ್ತ್ರೀಯಾದರೋ ಮೊದಲು 'ಕುಮಾರಿ', ಅನಂತರ 'ಸೌಭಾಗ್ಯವತಿ', ಪತಿ ತೀರಿಕೊಂಡ ಮರುದಿನದಿಂದ 'ಗಂಗಾಭಾಗೀರಥಿ'. ನದಿಗಳ ಹೆಸರು ಪವಿತ್ರವಾದುದೇ. ಆದರೆ ಲಕೋಟೆಯ ಮೇಲಿನ 'ಗಂ|| ಭಾ||' ಎಂಬ ಎರಡು ಅಕ್ಷರಗಳು ಅಂಚೆಯವನಿಗೂ ಆಕೆಯ ದುಃಖವನ್ನು ಸಾರಿ ಹೇಳುತ್ತಿದ್ದವು. ಈ ಪದ್ಧತಿ ಮರೆಯಾಗುತ್ತ ಬಂದುದಕ್ಕೆ ನಾವು ವ್ಯಥೆಪಡಬೇಕಾಗಿಲ್ಲ. ಸಂಪ್ರದಾಯವೆಂಬ ಕಾರಣದಿಂದಲೇ ಎಲ್ಲವನ್ನೂ ಉಳಿಸಿಕೊಳ್ಳಬೇಕಾದುದಿಲ್ಲವೆಂಬುದಕ್ಕೆ ಇದು ನಿದರ್ಶನ.

ಬ್ರಿಟಿಷರ ಆಡಳಿತದಲ್ಲಿ ಎರಡು ಬದಲಾವಣೆಗಳಾದವು. ಮೊದಲನೆಯದಾಗಿ ಸರಕಾರವೇ ಪದವಿಗಳನ್ನು ಹಂಚತೊಡಗಿತು. ರಾವ್ ಸಾಹೇಬ, ರಾವ್ ಬಹಾದ್ದೂರ್, ಖಾನ್ ಬಹಾದ್ದೂರ್, ದಿವಾನ್ ಬಹಾದ್ದೂರ್ ಎಂಬಿವು ಹೆಸರಿನ ಅಂಗಗಳೇ ಆದವು. ರಾಷ್ಟ್ರೀಯ ಚಳವಳಿಯ ಕಾಲದಲ್ಲಿ ಇಂತಹ ಗೌರವಗಳನ್ನು ಹಿಂದಿರುಗಿಸುವುದು ಒಂದು ವ್ರತವಾಯಿತು. ೧೯೧೯ರಲ್ಲಿ ರವೀಂದ್ರನಾಥ ಠಾಕೂರರು 'ಸರ್' ಪದವಿಯನ್ನು ತ್ಯಜಿಸಿದರು, ೧೯೨೦ರಲ್ಲಿ ಗಾಂಧೀಜಿಯವರು 'ಕೈಸರ್-ಇ-ಹಿಂದ್' ಪದಕವನ್ನು ಹಿಂದಿರುಗಿಸಿದರು. ಎರಡನೆಯದಾಗಿ ಇಂಗ್ಲಿಷ್ ಪತ್ರದ ಚೌಕಟ್ಟು ಕನ್ನಡಕ್ಕೆ ಇಳಿಯಿತು. ಅದರ ಮೇಲ್ಗಡೆಯ ಎರಡು ಪದಗಳನ್ನು ಅನುವಾದಿಸಹೊರಟವರು 'ಇಂದ', 'ಗೆ' ಎಂದು ಬರೆದರು. ಕನ್ನಡದಲ್ಲಿ ವಿಭಕ್ತಿಪ್ರತ್ಯಯವು ನಾಮಪದಕ್ಕೆ ಹತ್ತಿ ನಿಲ್ಲತಕ್ಕದ್ದು. ಹೆಸರಿಗಿಂತ ಮೊದಲೇ ಪ್ರತ್ಯಯವು ಒಂಟಿಯಾಗಿ ನಿಂತ ದೃಶ್ಯ ಈ ಒಂದು ಸ್ಥಳದಲ್ಲಿ ಮಾತ್ರ ಕಾಣಸಿಗುತ್ತದೆ. ಮೇಲಧಿಕಾರಿಗೆ ತಾನು ಅತ್ಯಂತ ವಿಧೇಯನಾದ ಸೇವಕನೆಂದು ಸಹಿ ಹಾಕುವ ಇಂಗ್ಲಿಷರ ಪದ್ಧತಿಯಿಂದ 'ತಮ್ಮ ವಿಧೇಯ' ಎಂಬುದು ಬಲಗೊಂಡಿತು. 'ತಮ್ಮ ವಿಶ್ವಾಸಿ' ಎಂಬುದೂ ಅಂತಹ ಅನುವಾದವೇ.

೧೯೫೦ರ ಜನವರಿ ೨೬ರಂದು ಜಾರಿಗೆ ಬಂದ ಸಂವಿಧಾನವು ತನ್ನ ೧೮ನೆಯ ಅನುಚ್ಛೇದದಲ್ಲಿ, ಸೈನಿಕ ಮತ್ತು ವಿದ್ಯಾವಿಷಯಕ ಗೌರವಗಳ ಹೊರತು ಯಾವ ಪದವಿಯನ್ನೂ ಸರಕಾರವು ಕೊಡಕೂಡದೆಂದು ವಿಧಿಸಿತು. ಭಾರತರತ್ನ ಮತ್ತು ಪದ್ಮ ಪ್ರಶಸ್ತಿಗಳು ೧೯೫೪ರಲ್ಲಿ ಆರಂಭವಾದಾಗ ಇವು ಪದವಿಗಳೇ ಅಲ್ಲವೇ ಎಂಬ ಪ್ರಶ್ನೆ ಹುಟ್ಟಿತು. ೧೯೯೫ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಇವು ಪದವಿಗಳಲ್ಲವೆಂದೂ, ಆದರೆ ಇವುಗಳನ್ನು ಹೆಸರಿನ ಹಿಂದಾಗಲಿ ಮುಂದಾಗಲಿ ಸೇರಿಸಿ ಬರೆಯಕೂಡದೆಂದೂ ತೀರ್ಪಿತ್ತಿತು. ಆಮಂತ್ರಣಪತ್ರಿಕೆಗಳಲ್ಲಿ ಹೆಸರಿನ ಹಿಂದೆ 'ಪದ್ಮಶ್ರೀ' ಎಂದು ಅಚ್ಚು ಹಾಕಿಸುವ ನಮ್ಮ ಸಂಘಸಂಸ್ಥೆಗಳು ಇದನ್ನು ಗಮನಿಸುವುದು ಒಳ್ಳೆಯದು. ಗೌರವವನ್ನು ತೋರಿಸಬೇಕೆಂದಿದ್ದರೆ ಪ್ರಶಸ್ತಿಯ ವಿಷಯವನ್ನು ಪರಿಚಯದ ವಾಕ್ಯದಲ್ಲಿ ಹೇಳಬಹುದು. ರಾಷ್ಟ್ರಪತಿಗಳನ್ನು ಇಂಗ್ಲಿಷಿನ ರಾಜಸಭೆಯ ರೀತಿಯಲ್ಲಿ ಸಂಬೋಧಿಸುವ ಪದ್ಧತಿಯನ್ನು ದೇಶದೊಳಗಿನ ವ್ಯವಹಾರದಲ್ಲಿ ಕೈಬಿಡಲು ೨೦೧೨ರಲ್ಲಿ ಪ್ರಣವ ಮುಖರ್ಜಿಯವರು ಒಪ್ಪಿಗೆಯಿತ್ತರು.

ಈ ವಿಚಾರದಲ್ಲಿ ಕೇರಳವು ಇನ್ನೊಂದು ಹೆಜ್ಜೆಯನ್ನಿಟ್ಟಿದೆ. ಪಾಲಕ್ಕಾಡು ಜಿಲ್ಲೆಯ ಮಾತ್ತೂರು ಗ್ರಾಮಪಂಚಾಯತು ೨೦೨೧ರಲ್ಲಿ ತನ್ನ ಕಚೇರಿಯೊಳಗೆ 'ಸರ್', 'ಮೇಡಂ' ಎಂಬ ಸಂಬೋಧನೆಗಳು ಬೇಡವೆಂದೂ, ಜನರು 'ಅಪೇಕ್ಷಿಸುತ್ತೇನೆ' ಎಂದು ದೈನ್ಯದಿಂದ ಬರೆಯಬೇಕಾಗಿಲ್ಲವೆಂದೂ ಠರಾವು ಮಾಡಿತು. ಸೇವೆಯನ್ನು ಪಡೆಯುವುದು ನಾಗರಿಕನ ಹಕ್ಕು, ಅಧಿಕಾರಿಯ ಕೃಪೆಯಲ್ಲ ಎಂಬುದು ಅದರ ಆಶಯ. ೨೦೨೩ರ ಜನವರಿಯಲ್ಲಿ ಆ ರಾಜ್ಯದ ಮಕ್ಕಳ ಹಕ್ಕುಗಳ ಆಯೋಗವು ಶಾಲೆಗಳಲ್ಲಿ ಅಧ್ಯಾಪಕ ಅಧ್ಯಾಪಿಕೆಯರಿಬ್ಬರನ್ನೂ 'ಟೀಚರ್' ಎಂದೇ ಕರೆಯಬೇಕೆಂದು ನಿರ್ದೇಶಿಸಿತು. ಪರಭಾಷೆಯ ಪದಗಳನ್ನು ಕೈಬಿಡುವವರಿಗೆ ಕನ್ನಡವು ಒಂದು ಸಿದ್ಧವಾದ ಉತ್ತರವನ್ನು ಇಟ್ಟುಕೊಂಡಿದೆ. 'ಮಾನ್ಯರೇ' ಎಂಬ ಸಂಬೋಧನೆ ಪುರುಷನಿಗೂ ಸಲ್ಲುತ್ತದೆ, ಸ್ತ್ರೀಗೂ ಸಲ್ಲುತ್ತದೆ. ಜಾತಿಯನ್ನು ಕೇಳುವುದಿಲ್ಲ, ವಿವಾಹವನ್ನು ವಿಚಾರಿಸುವುದಿಲ್ಲ, ಬರೆಯುವವನನ್ನು ಕುಗ್ಗಿಸುವುದೂ ಇಲ್ಲ.

ಇಷ್ಟೆಲ್ಲವನ್ನೂ ಗಡಿನಾಡಿನ ನಾವು ಏಕೆ ತಿಳಿಯಬೇಕು? ಸಂವಿಧಾನದ ೩೫೦ನೆಯ ಅನುಚ್ಛೇದದಂತೆ ಯಾವನೇ ವ್ಯಕ್ತಿಯು ತನ್ನ ಕುಂದುಕೊರತೆಯ ಪರಿಹಾರಕ್ಕಾಗಿ ಕೇಂದ್ರದ ಅಥವಾ ರಾಜ್ಯದ ಅಧಿಕಾರಿಗೆ, ಆಯಾ ಕೇಂದ್ರದಲ್ಲಾಗಲಿ ರಾಜ್ಯದಲ್ಲಾಗಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅರ್ಜಿಯನ್ನು ಸಲ್ಲಿಸಲು ಹಕ್ಕುಳ್ಳವನು. ೧೯೫೬ರ ಏಳನೆಯ ತಿದ್ದುಪಡಿಯು ಇದಕ್ಕೆ ಪ್ರಾಥಮಿಕ ಹಂತದ ಮಾತೃಭಾಷಾ ಶಿಕ್ಷಣದ ವಿಧಿಯನ್ನೂ, ಭಾಷಾ ಅಲ್ಪಸಂಖ್ಯಾತರಿಗಾಗಿ ಒಬ್ಬ ವಿಶೇಷಾಧಿಕಾರಿಯನ್ನು ನೇಮಿಸುವ ವಿಧಿಯನ್ನೂ ಸೇರಿಸಿತು. ಅದೇ ವರ್ಷದ ನವೆಂಬರ್ ೧ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಕೇರಳದ ೧೯೬೯ರ ಅಧಿಕೃತ ಭಾಷಾ ಕಾಯಿದೆಯು ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ಸರಕಾರದೊಂದಿಗೆ ತಮ್ಮ ಭಾಷೆಯಲ್ಲಿಯೇ ಪತ್ರವ್ಯವಹಾರ ನಡೆಸಲು ಅವಕಾಶವನ್ನಿತ್ತಿತು. ಗ್ರಂಥದಲ್ಲಿರುವ ಹಕ್ಕು ಬಳಕೆಯಿಂದ ಮಾತ್ರ ಜೀವಂತವಾಗುತ್ತದೆ. ಕನ್ನಡದ ಅರ್ಜಿಯೇ ಬಾರದ ಕಚೇರಿಯಲ್ಲಿ ಕನ್ನಡ ಬಲ್ಲ ಗುಮಾಸ್ತನ ಅಗತ್ಯವೇನೆಂಬ ಪ್ರಶ್ನೆ ಸಹಜವಾಗಿ ಏಳುತ್ತದೆ; ಗುಮಾಸ್ತನಿಲ್ಲದ ಮೇಲೆ ಅರ್ಜಿಯನ್ನು ಬರೆಯುವ ಧೈರ್ಯ ಯಾರಿಗೂ ಬಾರದು. ಹೀಗೆ ಒಂದು ಭಾಷೆ ಒಂದು ಕಚೇರಿಯಿಂದ ಸದ್ದಿಲ್ಲದೆ ಹೊರಬೀಳುತ್ತದೆ. ಕನ್ನಡ ಶಾಲೆಯಲ್ಲಿ ಹತ್ತು ವರ್ಷ ಓದಿದ ತರುಣನೊಬ್ಬನು ಪಂಚಾಯತಿಗೆ ಬರೆಯಲು ಕುಳಿತು, ಮೊದಲ ಪಂಕ್ತಿಯನ್ನು ಹೇಗೆ ಬರೆಯಬೇಕೆಂದು ತಿಳಿಯದೆ ಅನ್ಯಭಾಷೆಯ ಅಚ್ಚಿನ ನಮೂನೆಯನ್ನು ತುಂಬಿಸಿ ಕೊಟ್ಟರೆ, ಆ ಲೋಪದಲ್ಲಿ ಪತ್ರಲೇಖನವನ್ನು ಐದು ಅಂಕಗಳಿಗೆ ಇಳಿಸಿದ ನಮ್ಮ ಶಿಕ್ಷಣಕ್ರಮದ ಪಾಲೂ ಇದೆ.

ಆದಕಾರಣ ಅಧ್ಯಾಪಕ ಬಂಧುಗಳೂ ವಿದ್ಯಾರ್ಥಿಗಳೂ ಕೆಲವು ಸೂತ್ರಗಳನ್ನು ನೆನಪಿನಲ್ಲಿಡಬಹುದು. ಅಧಿಕಾರಿಗೆ ಬರೆಯುವಾಗ ವ್ಯಕ್ತಿಯ ಹೆಸರಿಗಿಂತ ಸ್ಥಾನವೇ ಮುಖ್ಯ: 'ಮಾನ್ಯ ಜಿಲ್ಲಾಧಿಕಾರಿಯವರಿಗೆ', 'ಮಾನ್ಯ ಮುಖ್ಯೋಪಾಧ್ಯಾಯರಿಗೆ' ಎಂದರೆ ಸಾಕು, ಪ್ರತ್ಯಯವು ತನ್ನ ಸ್ಥಾನದಲ್ಲಿಯೇ ಇರುವುದರಿಂದ ಒಂಟಿ 'ಗೆ'ಕಾರದ ಅಗತ್ಯವೂ ಬೀಳದು. ಒಬ್ಬರಿಗೆ ಒಂದು ಗೌರವವಾಚಕ ಸಾಕು. 'ಗೌರವಾನ್ವಿತ ಮಾನ್ಯ ಶ್ರೀಯುತ' ಎಂದು ಪೇರಿಸಿದರೆ ಗೌರವ ಮೂರು ಪಾಲಾಗುವುದಿಲ್ಲ, ಕೌಟಿಲ್ಯನು ಹೇಳಿದ ಪುನರುಕ್ತಿದೋಷವಾಗುತ್ತದೆ. 'ತಾವು' ಎಂದು ಆರಂಭಿಸಿದವರು ಪತ್ರದ ಕೊನೆಯವರೆಗೂ 'ತಮ್ಮ' ಎಂದೇ ಬರೆಯಬೇಕು. ನಡುವೆ 'ನಿಮ್ಮ' ಎಂದರೆ ಧಾಟಿ ಮುರಿಯುತ್ತದೆ. ತನ್ನ ಹೆಸರಿನ ಹಿಂದೆ ತಾನೇ 'ಶ್ರೀ' ಬರೆದುಕೊಳ್ಳಬಾರದು. ಸ್ತ್ರೀಯರು ತಮ್ಮ ಹೆಸರನ್ನು ಹೇಗೆ ಬರೆದುಕೊಳ್ಳುತ್ತಾರೋ ಹಾಗೆಯೇ ಬರೆಯುವುದು ಸೌಜನ್ಯ. ಮಠಾಧಿಪತಿಗಳಿಗೆ, ಪಾದ್ರಿಗಳಿಗೆ, ಮೌಲವಿಗಳಿಗೆ ಬರೆಯುವಾಗ ಆಯಾ ಸಮುದಾಯವು ಬಳಸುವ ಗೌರವಪದವನ್ನು ವಿಚಾರಿಸಿಕೊಂಡು ಬರೆಯಬೇಕು. ಶೃಂಗೇರಿಯ ಪತ್ರಗಳು ಇದಕ್ಕೆ ಮಾದರಿ. ಮುಕ್ತಾಯದಲ್ಲಿ 'ವಂದನೆಗಳೊಂದಿಗೆ' ಎಂದು ಬರೆದು ಸಹಿ ಹಾಕಿದರೆ ವಿನಯಕ್ಕೂ ಕೊರತೆಯಿಲ್ಲ, ಸ್ವಾಭಿಮಾನಕ್ಕೂ ಧಕ್ಕೆಯಿಲ್ಲ.

ಕುಲವನ್ನು ನೋಡಿ ಶ್ರೀಕಾರಗಳನ್ನು ಎಣಿಸುತ್ತಿದ್ದ ಕಾಲದಿಂದ, ಸ್ಥಾನವನ್ನು ನೋಡಿ ಮರ್ಯಾದೆ ಕೊಡುವ ಕಾಲವನ್ನು ದಾಟಿ, ಬರೆಯುವವನೂ ಓದುವವನೂ ಸಮಾನ ನಾಗರಿಕರೆಂಬ ಕಾಲಕ್ಕೆ ನಮ್ಮ ಒಕ್ಕಣೆ ಬಂದು ನಿಂತಿದೆ. ನಮ್ಮ ಶಾಲೆಗಳಲ್ಲಿ ವರ್ಷಕ್ಕೊಮ್ಮೆಯಾದರೂ ಪ್ರತಿಯೊಬ್ಬ ವಿದ್ಯಾರ್ಥಿಯಿಂದಲೂ ಒಂದು ನಿಜವಾದ ಪತ್ರವನ್ನು ಬರೆಯಿಸಿ ಅಂಚೆಗೆ ಹಾಕಿಸುವುದು ಸಾಧ್ಯವಲ್ಲವೇ? ಊರಿನ ಮುರಿದ ಕಾಲುಸಂಕವಾಗಲಿ, ವಾಚನಾಲಯಕ್ಕೆ ಬಾರದ ಕನ್ನಡ ಪತ್ರಿಕೆಯಾಗಲಿ, ಪಠ್ಯಪುಸ್ತಕದ ವಿಳಂಬವಾಗಲಿ ವಿಷಯಕ್ಕೇನೂ ಬರಗಾಲವಿಲ್ಲ. 'ಮಾನ್ಯರೇ' ಎಂದು ಆರಂಭವಾಗುವ ಆ ಕಾಗದಗಳು ಕಚೇರಿಗಳನ್ನು ಮುಟ್ಟುತ್ತಿರುವವರೆಗೆ, ಇಲ್ಲಿ ಕನ್ನಡದಲ್ಲಿ ಕೇಳುವವರಿದ್ದಾರೆಂಬುದನ್ನು ಯಾರೂ ಅಲ್ಲಗಳೆಯಲಾರರು.